ಹರಿದ ಸೀಟಿಗೆ ಕವರ್ ಹಾಕಿದರೆ ರಿಪೇರಿ ಆಯಿತೇ?

ಹಂಸಭಾವಿಯಲ್ಲಿ ಮದುವೆ ಮೆರವಣಿಗೆಗೆ ಹಳೇ ಅಂಬಾಸಿಡರ್ ಬಂದರೆ ಇವತ್ತಿಗೂ ಜನ ತಿರುಗಿ ನೋಡುತ್ತಾರೆ. ಬಾಗಿಲು ತೆಗೆದು ಒಳಗೆ ಕೂತು ನೋಡಿ. ಮೇಲೆ ಹೊಳೆಯುವ ರೆಡಿಮೇಡ್ ಕವರ್, ಕೆಳಗೆ ಚುಚ್ಚುವ ಸ್ಪ್ರಿಂಗ್. ಮದುಮಗನ ಬಟ್ಟೆ ಹರಿಯದಿದ್ದರೆ ಅದೇ ಪುಣ್ಯ.

ನಾವು ನೇರವಾಗಿಯೇ ಹೇಳುತ್ತೇವೆ: ಹರಿದ ಸೀಟಿನ ಮೇಲೆ ಕವರ್ ಎಳೆಯುವುದು ರಿಪೇರಿ ಅಲ್ಲ. ಹುಣ್ಣು ತೊಳೆಯದೆ ಬಟ್ಟೆ ಕಟ್ಟಿದಂತೆ.

ಇದನ್ನು ನಾವು ಕಲಿತದ್ದು ಪೆಟ್ಟು ತಿಂದ ಮೇಲೆ. ನಮ್ಮ ಬಳಗದ ಒಬ್ಬರ ಮನೆಯಲ್ಲಿ ಅಜ್ಜನ ಕಾಲದ ಅಂಬಾಸಿಡರ್ ಇದೆ. ಹಿಂದಿನ ಸೀಟಿನ ಹೊಲಿಗೆ ಬಿಟ್ಟಾಗ ಪಟ್ಟಣದ ಅಂಗಡಿಯೊಂದರಲ್ಲಿ, "ಬಿಚ್ಚೂದು ಯಾಕ್ರೀ, ಕವರ್ ಹಾಕಿಸಿಬಿಡ್ರಿ" ಅಂದರು. ಹಾಕಿಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ವಾಸನೆಗೆ ಕೂರಲಾಗಲಿಲ್ಲ. ಊರಿನ ಕುಶನ್ ಕೆಲಸದ ಹಿರಿಯರ ಹತ್ತಿರ ಬಿಚ್ಚಿಸಿದರೆ ಒಳಗೆ ಇಲಿಗೂಡು, ಗೋವಿನಜೋಳದ ಕಾಳು, ಕೊಳೆತ ಗೋಣಿ ತಟ್ಟು, ತುಕ್ಕು ತಿಂದ ಸ್ಪ್ರಿಂಗ್. "ಮೊದ್ಲ ತಂದಿದ್ರ ಒಪ್ಪತ್ತಿನ ಕೆಲ್ಸ ಇತ್ತು ತಮ್ಮಾ" ಅಂದರು ಅವರು. ಅದು ವಾರದ ಕೆಲಸವಾಯಿತು.

ಹಳೇ ಬೆಂಚ್ ಸೀಟು ಬರೀ ಸ್ಪಂಜಿನ ಗಡ್ಡೆ ಅಲ್ಲ. ಕಬ್ಬಿಣದ ಚೌಕಟ್ಟು, ಅದರ ಮೇಲೆ ಸ್ಪ್ರಿಂಗ್, ಆಮೇಲೆ ಗೋಣಿ ತಟ್ಟು, ನಾರು ಅಥವಾ ಹತ್ತಿ, ಕೊನೆಗೆ ರೆಕ್ಸಿನ್. ಕೆಲಸ ಬಲ್ಲವರು ಒಂದೊಂದೇ ಪದರ ಬಿಚ್ಚುತ್ತಾರೆ. ಸ್ಪ್ರಿಂಗಿನ ತುಕ್ಕು ಉಜ್ಜಿ ಬಣ್ಣ ಹಚ್ಚಿ, ಸಡಿಲವಾದದ್ದನ್ನು ಗಟ್ಟಿ ಹುರಿಯಿಂದ ಕಟ್ಟುತ್ತಾರೆ. ಹಳೇ ರೆಕ್ಸಿನ್ನಿನ ಹೊಲಿಗೆ ಬಿಚ್ಚಿ, ಅದನ್ನೇ ಅಳತೆಗೆ ಇಟ್ಟುಕೊಂಡು ಹೊಸದನ್ನು ಕತ್ತರಿಸುತ್ತಾರೆ. ಹೊಲಿಗೆಯಷ್ಟೇ ಬಿಟ್ಟಿದ್ದರೆ ಹಳೇ ತೂತಿನಲ್ಲೇ ನೈಲಾನ್ ದಾರ ಹಾಯಿಸಿ ಮುಗಿಸುತ್ತಾರೆ. ನಡುವೆ ಸೀಳಿದ್ದರೆ ಸೀಳಿನ ಮೇಲೆ ಒತ್ತೊತ್ತಾಗಿ ಹೊಲಿಯುವುದಿಲ್ಲ; ಸೂಜಿಯ ತೂತಿನ ಸಾಲಿನಲ್ಲೇ ರೆಕ್ಸಿನ್ ಮತ್ತೆ ಹರಿಯುತ್ತದೆ ಎಂದು ಅವರಿಗೆ ಗೊತ್ತು. ಕೆಳಗಿನಿಂದ ಗಟ್ಟಿ ಬಟ್ಟೆ ಕೊಟ್ಟು, ಮಣಿಯುವಂಥ ಗೋಂದಿನಿಂದ ಅಂಟಿಸುತ್ತಾರೆ. ಈ ಜಾಣತನ ಯಾವ ರೆಡಿಮೇಡ್ ಪೊಟ್ಟಣದಲ್ಲೂ ಬರುವುದಿಲ್ಲ.

"ಹಳೇ ಗಾಡಿಗೆ ಯಾಕಿಷ್ಟು ಖರ್ಚು?" ಎಂದು ಕೇಳುವವರಿದ್ದಾರೆ. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರ ಮೇ ತಿಂಗಳಲ್ಲಿ. ಹೊಸ ಸೀಟು ಇನ್ನು ಅಲ್ಲಿಂದ ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬೇಕು, ಇಲ್ಲವೇ ಗುಜರಿಗೆ ಹಾಕಬೇಕು. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಖಾಸಗಿ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆ ನಿಯಮ ಒತ್ತಿ ಹೇಳುವುದು ಚಾಸಿ, ಬಾಡಿ, ಎಂಜಿನ್ ಬಗ್ಗೆ. ಆದರೆ ಬಾಗಿಲು ತೆಗೆದವರ ಕಣ್ಣು ಮೊದಲು ಬೀಳುವುದು ಸೀಟಿನ ಮೇಲೆ.

ಬಾಡಿಗೆ ಹೊಡೆದು ಹೊಟ್ಟೆ ಹೊರೆಯುವವರಿಗೆ ಒಮ್ಮೆಲೇ ಎಲ್ಲ ಮಾಡಿಸುವುದು ಕಷ್ಟ, ಒಪ್ಪುತ್ತೇವೆ. ಹಾಗಾದರೆ ಈ ಸಲ ಡ್ರೈವರ್ ಸೀಟು ಮಾತ್ರ, ಮುಂದಿನ ಸುಗ್ಗಿಗೆ ಹಿಂದಿನದು. ಒಳಗೆ ಗಟ್ಟಿಯಿದ್ದ ಸೀಟಿಗೆ ಧೂಳು, ಬಿಸಿಲು ತಡೆಯಲು ಕವರ್ ಹಾಕಿ, ನಮ್ಮ ತಕರಾರಿಲ್ಲ. ಕೊಳೆತದ್ದನ್ನು ಮುಚ್ಚಬೇಡಿ ಅಷ್ಟೇ.

ನಮ್ಮ ನಿಜವಾದ ಸಿಟ್ಟು ಬೇರೆ ಕಡೆಗಿದೆ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಗೆ ಸಾಲ. ಪಟ್ಟಿಯಲ್ಲಿ ದರ್ಜಿ ಇದ್ದಾರೆ, ಬೀಗ ಮಾಡುವವರಿದ್ದಾರೆ, ಮೀನಿನ ಬಲೆ ಹೆಣೆಯುವವರಿದ್ದಾರೆ. ಎಲ್ಲರೂ ಇರಬೇಕಾದವರೇ. ಆದರೆ ಸೀಟು ಹೊಲಿಯುವವರ ಹೆಸರಿಲ್ಲ. ದಬ್ಬಣ ಹಿಡಿದು, ಸ್ಪ್ರಿಂಗ್ ಕಟ್ಟಿ, ದಪ್ಪ ರೆಕ್ಸಿನ್ ಹೊಲಿಯುವ ಈ ಕೈ ಕುಶಲಕರ್ಮಿಯದ್ದಲ್ಲವೇ? ಕಾರಿನದು ಬಿಡಿ, ನಿಮ್ಮ ಟ್ರ್ಯಾಕ್ಟರಿನ, ಟಂಟಂನ, ಬೈಕಿನ ಸೀಟು ಹೊಲಿದುಕೊಟ್ಟವರೂ ಇವರೇ. ಇವರ ಕಸುಬನ್ನು ಆ ಪಟ್ಟಿಗೆ ಸೇರಿಸಬೇಕು. ನಮ್ಮ ಶಾಸಕರು, ಸಂಸದರು ಇದನ್ನು ಕೇಳಬೇಕು.

ತಪ್ಪು ನಮ್ಮದೂ ಇದೆ. ಹಳೇ ಕಾರಿನ ಫೋಟೊ ಹಾಕುತ್ತೇವೆ, ಮಾಲೀಕರ ಹೆಸರು ಬರೆಯುತ್ತೇವೆ. ಸೀಟು ಹೊಲಿದವರು ಯಾರು ಎಂದು ಕೇಳಿದ್ದೇ ಇಲ್ಲ. ಇನ್ನು ಮುಂದೆ ಕೇಳುತ್ತೇವೆ.

ನೀವು ಮಾಡಬೇಕಾದದ್ದು ಇಷ್ಟೇ. ಸೀಟು ಹರಿದರೆ ಫೋನಿನಲ್ಲಿ ಕವರ್ ಹುಡುಕುವ ಮೊದಲು ಊರಿನ ಕುಶನ್ ಅಂಗಡಿಗೆ ಹೋಗಿ. "ಬಿಚ್ಚಿ ತೋರಿಸ್ರಿ" ಅನ್ನಿ. ಒಳಗಿನದನ್ನು ಕಣ್ಣಾರೆ ನೋಡಿ, ರೇಟು ಮಾತಾಡಿ. ಹೇಳಿದ ದುಡ್ಡನ್ನು ಚೌಕಾಸಿಯಲ್ಲಿ ಅರ್ಧ ಮಾಡಬೇಡಿ. ಆ ಹಿರಿಯರ ಮಗ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾನೆ. ಈ ಕಸುಬಿನಲ್ಲಿ ಅನ್ನ ಇದೆಯೋ ಇಲ್ಲವೋ ಎಂದು ಅವನು ತೀರ್ಮಾನಿಸುವುದು ನೀವು ಕೊಡುವ ದುಡ್ಡು ನೋಡಿ.