ನೆರಳು ಮೊದಲು, ಹೆಸರು ಆಮೇಲೆ

ನಮ್ಮ ಹಳೆಯ ಕವಿಗಳ ಸೂರ್ಯ ನಿತ್ಯವೂ ಮೂಡುವುದು ಉದಯಗಿರಿಯ ಮೇಲೆ. ಮೈಸೂರಿನ ಮೂಡಣ ಭಾಗದಲ್ಲಿ ನಾನು ವಾಸಿಸುವ ಬಡಾವಣೆಗೂ ಅದೇ ಹೆಸರು. ಕವಿಸಮಯದ ಸೂರ್ಯನಿಗೆ ಒಂದೇ ಬೆಟ್ಟ ಸಾಕಾದರೂ ನಮ್ಮ ತಾರಸಿಗಳಿಂದ ಕಾಣುವ ಸೂರ್ಯ ಅಷ್ಟು ಸ್ಥಿರಚಿತ್ತನಲ್ಲ. ಜೂನ್ ಕೊನೆಗೆ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ. ನೇರ ಪೂರ್ವದಲ್ಲಿ ಮೂಡುವುದು ವರ್ಷಕ್ಕೆರಡು ಸಲ ಮಾತ್ರ. ಆದರೂ ಬೀದಿಯ ಯಾವ ಮಗುವನ್ನು ಕೇಳಿದರೂ ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತದೆ. ಉತ್ತರ ಬಂದುದು ಪುಸ್ತಕದಿಂದ. ಕಣ್ಣಿಗೆ ಅದರಲ್ಲಿ ಪಾಲಿಲ್ಲ.

ವಿಜ್ಞಾನದ ಪಾಠದಲ್ಲಿ ಕನ್ನಡ ಅಧ್ಯಾಪಕನಿಗೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವಿದೆ. ದ್ಯುತಿಸಂಶ್ಲೇಷಣೆ, ಬಾಷ್ಪವಿಸರ್ಜನೆ ಮೊದಲಾದ ಪದಗಳು ಮಕ್ಕಳ ನಾಲಗೆಗೆ ಹೊರಳವು, ಆದಕಾರಣ ವಿಜ್ಞಾನವನ್ನು ಇಂಗ್ಲಿಷಿನಲ್ಲಿಯೇ ಕಲಿಸಬೇಕೆಂಬ ದೂರು ಕೊನೆಗೆ ಬಂದು ನಿಲ್ಲುವುದು ನಮ್ಮ ಬಾಗಿಲಿನಲ್ಲಿ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದ ಕಾಲದಿಂದಲೂ ಕನ್ನಡವು ಇಂಥ ಪದಗಳನ್ನು ಕಟ್ಟುತ್ತಲೇ ಬಂದಿದೆ. ನನ್ನ ಅಭಿಪ್ರಾಯದಲ್ಲಿ ಕಷ್ಟವಿರುವುದು ಪದದಲ್ಲಲ್ಲ, ಅದು ಬರುವ ಹೊತ್ತಿನಲ್ಲಿ. ವಸ್ತುವಿನ ಪರಿಚಯಕ್ಕೆ ಮುನ್ನವೇ ಹೆಸರು ಬಂದು ಕುಳಿತರೆ ಯಾವ ಭಾಷೆಯ ಹೆಸರಾದರೂ ಕಬ್ಬಿಣದ ಕಡಲೆಯೇ. ‘ಫೋಟೋಸಿಂಥೆಸಿಸ್’ ಎಂದು ಉರುಹೊಡೆದ ಹುಡುಗನಿಗೆ ಎಲೆಯ ಗುಟ್ಟು ಹೆಚ್ಚೇನೂ ತಿಳಿದಿರುವುದಿಲ್ಲ.

ಅಮೆರಿಕದ ಮೈರನ್ ಆಟ್ಕಿನ್ ಮತ್ತು ಭೌತವಿಜ್ಞಾನಿ ರಾಬರ್ಟ್ ಕಾರ್ಪ್ಲಸ್ 1962ರಲ್ಲಿಯೇ ಇದನ್ನು ಆಲೋಚಿಸಿದ್ದರು. ಮಕ್ಕಳು ಮೊದಲು ವಸ್ತುಗಳೊಡನೆ ಒಡನಾಡಿ, ಗಮನಿಸಿ, ತಬ್ಬಿಬ್ಬಾಗಲಿ. ಅನಂತರ ಉಪಾಧ್ಯಾಯರು ಕಲ್ಪನೆಯನ್ನೂ ಅದರ ಹೆಸರನ್ನೂ ಕೊಡಲಿ. ಕೊಟ್ಟದ್ದನ್ನು ಮಕ್ಕಳು ಬೇರೆ ಸಂದರ್ಭಗಳಲ್ಲಿ ಪ್ರಯೋಗಿಸಿ ನೋಡಲಿ. ಇದೇ ಕಲಿಕೆಯ ಚಕ್ರ. ಸುಮ್ಮನೆ ಬಿಟ್ಟರೆ ಮಕ್ಕಳು ಎಲ್ಲವನ್ನೂ ತಾವೇ ಕಂಡುಹಿಡಿಯುವರೆಂಬ ಭ್ರಮೆ ಅವರಿಗಿರಲಿಲ್ಲವೆಂಬುದು ನನಗೆ ಬಹಳ ಹಿಡಿಸಿದ ಸಂಗತಿ. 1980ರ ದಶಕದಲ್ಲಿ ಅದು ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನವೆಂಬ ಐದು ಹಂತಗಳಾಗಿ ಬೆಳೆಯಿತು. ನಮ್ಮ ಉಪಾಧ್ಯಾಯರ ಪಾಠಯೋಜನೆಗಳಲ್ಲಿಯೂ ಈ ಐದು ಹೆಸರುಗಳು ಈಗ ರೂಢಿಯಾಗಿವೆ. ಅಂಕಣ ತುಂಬುವುದೇನೂ ಕಷ್ಟವಲ್ಲವಷ್ಟೆ! ತೊಡಗಿಸುವಿಕೆಯೆಂದರೆ ಎರಡು ಪ್ರಶ್ನೆ, ಅನ್ವೇಷಣೆಯೆಂದರೆ ಪುಟದ ಚಿತ್ರ ನೋಡುವುದು, ಉಳಿದ ಅರ್ಧ ಗಂಟೆ ವಿವರಣೆ. ಹೀಗೆ ಅನೇಕ ಕಡೆ ಇದು ಒಂದೇ ಅರಕಾಲಿನ ಚಕ್ರವಾಗಿದೆ.

ಇದಕ್ಕೆ ಪ್ರಯೋಗಶಾಲೆ ಬೇಕೆಂಬುದು ನೆಪ. ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ನಡುಹಗಲಿನ ನೆರಳು ಎತ್ತ ಬೀಳುವುದೆಂದು ಮಕ್ಕಳನ್ನು ಮೊದಲು ಊಹಿಸಹೇಳಬೇಕು. ಗಡಿಯಾರದ ಹನ್ನೆರಡು ನಡುಹಗಲಲ್ಲವೆಂಬುದೇ ಮೊದಲ ಅಚ್ಚರಿ. ಜೂನ್ ಜುಲೈಗಳಲ್ಲಿ ಮೈಸೂರಿನ ನೆರಳು ಅತ್ಯಂತ ಕಿರಿದಾಗುವುದು ಹನ್ನೆರಡೂವರೆಯ ಸುಮಾರಿಗೆ. ಎರಡನೆಯ ಅಚ್ಚರಿ ಇನ್ನೂ ದೊಡ್ಡದು. ಜೂನ್ ಕೊನೆಗೆ ಆ ನೆರಳು ಸುಮಾರು 20 ಸೆಂಟಿಮೀಟರ್ ಉದ್ದ, ಅದೂ ದಕ್ಷಿಣಕ್ಕೆ, ಚಾಮುಂಡಿ ಬೆಟ್ಟದ ಕಡೆಗೆ! ದೆಹಲಿಯ ಮಗುವಿಗೆ ಈ ನೋಟ ವರ್ಷದಲ್ಲಿ ಒಂದು ದಿನವೂ ಸಿಗದು. ಅಲ್ಲಿ ನಡುಹಗಲಿನ ನೆರಳು ಸದಾ ಉತ್ತರಕ್ಕೇ. ವಾರಕ್ಕೊಮ್ಮೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದರೆ ನಮ್ಮ ನೆರಳು ಕುಗ್ಗುತ್ತದೆ, ಆಗಸ್ಟ್ 20ರ ಆಸುಪಾಸಿನಲ್ಲಿ ಕೋಲಿನ ಬುಡದಲ್ಲಿ ಅಡಗುತ್ತದೆ, ಅನಂತರ ಉತ್ತರಕ್ಕೆ ಹೊರಳಿ ಬೆಳೆದು ಡಿಸೆಂಬರ್ ಕೊನೆಗೆ 70 ಸೆಂಟಿಮೀಟರನ್ನು ದಾಟುತ್ತದೆ. ‘ಯಾಕೆ ಹೀಗೆ ಮೇಷ್ಟ್ರೇ?’ ಎಂಬ ಪ್ರಶ್ನೆ ತಾನಾಗಿ ಹುಟ್ಟುವುದು ಆಗ. ಭೂಮಿಯ ಅಕ್ಷದ ಓರೆಯನ್ನು ವಿವರಿಸಬೇಕಾದದ್ದು ಆಗ. ಉತ್ತರಾಯಣ, ದಕ್ಷಿಣಾಯನವೆಂಬ ಹೆಸರುಗಳನ್ನು ಕೊಡಬೇಕಾದದ್ದೂ ಆಗಲೇ. ಪಂಚಾಂಗದಲ್ಲಿ ಒಣಗಿ ಬಿದ್ದಿದ್ದ ಪದಗಳು ಅಂಗಳದಲ್ಲಿ ಚಿಗುರುತ್ತವೆ.

ನಮ್ಮ ಬಡಾವಣೆಯಲ್ಲಿ ಉರ್ದು ಮನೆಮಾತಾಗಿರುವ ಕುಟುಂಬಗಳು ಬಹಳ. ಊದಿನಕಡ್ಡಿ ಹೊಸೆಯುವ ಮನೆಗಳೂ ಉಂಟು. ಒಂದು ಮೂಲೆಯ ಪರಿಮಳ ಇನ್ನೊಂದು ಮೂಲೆಗೆ ಎಷ್ಟು ಹೊತ್ತಿಗೆ ಮುಟ್ಟುವುದು, ಅದರಲ್ಲಿ ಗಾಳಿಯ ಪಾಲೆಷ್ಟು, ಕಣಗಳ ಸ್ವಂತ ಓಡಾಟದ ಪಾಲೆಷ್ಟು ಎಂಬುದನ್ನು ಆ ಮಕ್ಕಳು ಮೊದಲು ತಮ್ಮ ಮನೆಮಾತಿನಲ್ಲಿಯೇ ಚರ್ಚಿಸಲಿ. ಆಮೇಲೆ ಬರುವ ‘ವಿಸರಣೆ’ ಎಂಬ ಕನ್ನಡ ಪದ ಅವರಿಗೆ ಪರಕೀಯವಾಗದು. ಪದವನ್ನೇ ಮೊದಲು ಹಲಗೆಯ ಮೇಲೆ ಬರೆದಿರೋ, ಆ ಮಗುವಿನ ಮುಂದೆ ವಿಜ್ಞಾನವೊಂದು, ಕನ್ನಡವೊಂದು, ಎರಡು ಗೋಡೆಗಳು ಒಮ್ಮೆಗೇ ಎದ್ದಂತೆ.

ನಮ್ಮ ಜಿಲ್ಲೆಗೆ ಈ ದಾರಿ ಹೊಸತೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ‘ನಲಿ ಕಲಿ’ಯನ್ನು ಕಟ್ಟಿದರು, ಮುಂದೆ ಅದು ರಾಜ್ಯಕ್ಕೆಲ್ಲ ಹರಡಿತು. ಆದರೆ ಎಳೆಯ ತರಗತಿಗಳಲ್ಲಿಯೇ ನಿಂತಿತು. ವಿಜ್ಞಾನ ಪ್ರತ್ಯೇಕ ವಿಷಯವಾಗುವ ಹೊತ್ತಿಗೆ ಮಕ್ಕಳು ಮತ್ತೆ ಕೈಕಟ್ಟಿ ಕುಳಿತಿರುತ್ತಾರೆ. ಇದಕ್ಕೆ ಉಪಾಧ್ಯಾಯರ ಆಲಸ್ಯ ಕಾರಣವೆಂದು ನಾನು ಹೇಳಲಾರೆ. ‘ವ್ಯಾಖ್ಯಾನಿಸಿ’ ಎಂದು ಪ್ರಶ್ನೆಪತ್ರಿಕೆ ಅಪ್ಪಣೆ ಮಾಡುತ್ತಿರುವಾಗ ಬಿಸಿಲಿನಲ್ಲಿ ಕೋಲು ನೆಡುವ ಧೈರ್ಯ ಯಾರಿಗೆ ಬಂದೀತು? ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಈ ಗಂಟನ್ನು ಸರಿಯಾಗಿ ಗುರುತಿಸಿತ್ತು. ಅಲ್ಲಿಯ ಮಕ್ಕಳು ಪುಸ್ತಕವನ್ನು ತೆರೆದಿಟ್ಟುಕೊಂಡೇ ಪರೀಕ್ಷೆ ಬರೆದರು, ಪ್ರಯೋಗವನ್ನೂ ಕೈಯಾರೆ ಮಾಡಿ ತೋರಿಸಿದರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿದ್ದು ವ್ಯಸನದ ಸಂಗತಿ.

ಎಲ್ಲ ಅಧ್ಯಾಯಗಳನ್ನೂ ಹೀಗೆ ನಡೆಸಲು ಸಮಯ ಸಾಲದೆಂಬುದನ್ನು ಒಪ್ಪುತ್ತೇನೆ. ಅರ್ಧವರ್ಷಕ್ಕೆ ಎರಡೇ ಪಾಠಗಳನ್ನು ಪೂರ್ಣ ಚಕ್ರದಲ್ಲಿ ನಡೆಸಲಿ. ಆ ಎರಡರ ಮೇಲಾದರೂ ಪರೀಕ್ಷೆಯು ವ್ಯಾಖ್ಯೆಯನ್ನು ಬಿಟ್ಟು, ಕಂಡದ್ದನ್ನು ಕೇಳಲಿ. ಆಗಸ್ಟಿನಲ್ಲಿ ಮೋಡ ಕವಿದೀತೆಂಬ ಭಯವೂ ಬೇಡ. ಆ ದಿನಗಳಲ್ಲಿ ನಡುಹಗಲಿನ ನೆರಳು ದಿನವೊಂದಕ್ಕೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು ಮಾತ್ರ ಕದಲುವುದರಿಂದ, ಇಂದು ತಪ್ಪಿದ್ದನ್ನು ನಾಳೆ ನೋಡಬಹುದು.