ಕೋಳಿಯೊಳಗಿನ ಬ್ಯಾಕ್ಟೀರಿಯಾ: ವೆಚ್ಚ ಹೊರಬೇಕಾದವರು ಯಾರು?

ಭಾನುವಾರ ಬೆಳಿಗ್ಗೆ ನಮ್ಮ ನಗರದ ಯಾವುದೇ ಕೋಳಿ ಅಂಗಡಿಯ ಮುಂದೆ ನಿಂತು ಗಮನಿಸಿ. ಗಿರಾಕಿಗಳು ಕೇಳುವುದು ಎರಡೇ ಪ್ರಶ್ನೆ: ಇವತ್ತು ಕಿಲೋಗೆ ಎಷ್ಟು? ವಿತ್ ಸ್ಕಿನ್ನೋ, ಸ್ಕಿನ್‌ಲೆಸ್ಸೋ? ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಈ ಮಾಂಸದ ಮೇಲೆ ರೋಗಕಾರಕ ಬ್ಯಾಕ್ಟೀರಿಯಾ ಎಷ್ಟಿದೆ? ಕೇಳಿದರೂ ಅಂಗಡಿಯವನಿಂದ ಉತ್ತರ ಸಿಗುವುದಿಲ್ಲ. ಏಕೆಂದರೆ ಅದು ಅವನಿಗೂ ಗೊತ್ತಿಲ್ಲ, ಅವನಿಗೆ ಕೋಳಿ ಮಾರಿದವನಿಗೂ ಗೊತ್ತಿಲ್ಲ.

ಸಾಲ್ಮೊನೆಲ್ಲಾ ಮತ್ತು ಕ್ಯಾಂಪಿಲೊಬ್ಯಾಕ್ಟರ್ ಎಂಬ ಎರಡು ಬ್ಯಾಕ್ಟೀರಿಯಾಗಳು ಕೋಳಿಯ ಕರುಳಿನಲ್ಲಿ ನೆಲೆಸುತ್ತವೆ. ಮನುಷ್ಯನಲ್ಲಿ ವಾಂತಿಭೇದಿ, ಜ್ವರ ತರುವ ಇವುಗಳ ಬಹುತೇಕ ಬಗೆಗಳಿಂದ ಕೋಳಿಗೆ ಹೇಳಿಕೊಳ್ಳುವಂತಹ ತೊಂದರೆಯಾಗುವುದಿಲ್ಲ. ಕೊಯ್ದು ಕರುಳು ತೆಗೆಯುವಾಗ ಅವು ಮಾಂಸಕ್ಕೆ ಹರಡುತ್ತವೆ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ, ನಿಜ. ಆದರೆ ಹಸಿ ಮಾಂಸ ಕತ್ತರಿಸಿದ ಮಣೆಯ ಮೇಲೆಯೇ ಸೌತೆಕಾಯಿ, ಈರುಳ್ಳಿ ಹೆಚ್ಚುವ ಅಡುಗೆಮನೆಗಳು ಕಡಿಮೆಯಿಲ್ಲ. ಕಲುಷಿತ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60 ಕೋಟಿ ಜನ ಅಸ್ವಸ್ಥರಾಗುತ್ತಾರೆ, 4 ಲಕ್ಷ 20 ಸಾವಿರ ಮಂದಿ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜಿಸಿತು. ಇದೆಲ್ಲವೂ ಕೋಳಿಯಿಂದ ಬಂದದ್ದಲ್ಲ. ಆದರೆ ಈ ಲೆಕ್ಕದಲ್ಲಿ ಮೇಲಿನ ಎರಡೂ ಬ್ಯಾಕ್ಟೀರಿಯಾಗಳ ಪಾಲು ಸಣ್ಣದಲ್ಲ.

ಕೋಳಿ ಉದ್ಯಮಕ್ಕೆ ಬ್ಯಾಕ್ಟೀರಿಯಾ ವಿರುದ್ಧ ತಿಳಿದಿರುವ ಸುಲಭ ಅಸ್ತ್ರವೆಂದರೆ ಆ್ಯಂಟಿಬಯೊಟಿಕ್. ರೋಗ ಬರುವ ಮೊದಲೇ, ಕೆಲವೊಮ್ಮೆ ಬೇಗ ತೂಕ ಬರಲೆಂದು, ಮೇವು ಮತ್ತು ನೀರಿನಲ್ಲಿ ಅದನ್ನು ಬೆರೆಸುವ ರೂಢಿ ಬೆಳೆಯಿತು. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ರಾಜಧಾನಿ ಪ್ರದೇಶದ 70 ಕೋಳಿ ಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ 40ರಷ್ಟರಲ್ಲಿ ಆ್ಯಂಟಿಬಯೊಟಿಕ್ ಶೇಷ ಕಂಡುಬಂತು. ಇದರ ಬೆಲೆಯನ್ನು ತೆರುವುದು ಆಸ್ಪತ್ರೆಯ ಹಾಸಿಗೆಯಲ್ಲಿರುವ ರೋಗಿ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ನೇರವಾಗಿ ಕಾರಣವಾದ ಸಾವುಗಳು 2019ರಲ್ಲಿ ಜಗತ್ತಿನಾದ್ಯಂತ 12 ಲಕ್ಷ 70 ಸಾವಿರ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಕೊನೆಯ ಆಸರೆಯ ಔಷಧವೆನಿಸಿದ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಇನ್ನಷ್ಟು ಆ್ಯಂಟಿಬಯೊಟಿಕ್‌ಗಳನ್ನು ನಿಷೇಧಿಸಿದ ನಿಯಮ 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ. ಇವು ಸ್ವಾಗತಾರ್ಹ ಕ್ರಮಗಳು. ಆದರೆ ಒಂದನ್ನು ಬೇಡವೆಂದಾಗ ಅದರ ಸ್ಥಾನಕ್ಕೆ ಏನು ಎಂಬ ಪ್ರಶ್ನೆ ಏಳುವುದು ಸಹಜ.

ಲಸಿಕೆ, ಶೆಡ್‌ಗಳ ಶುಚಿತ್ವದಂತಹ ಉತ್ತರಗಳ ಜೊತೆಗೆ ಇಂದು ಗಂಭೀರವಾಗಿ ಕೇಳಿಬರುತ್ತಿರುವ ಹೆಸರು ಬ್ಯಾಕ್ಟೀರಿಯೊಫೇಜ್. ಬ್ಯಾಕ್ಟೀರಿಯಾಗಳಿಗೆ ಮಾತ್ರ ಸೋಂಕು ತಗುಲಿಸುವ ವೈರಸ್‌ಗಳಿಗೆ ಈ ಹೆಸರು. ಚಿಕ್ಕದಾಗಿ ಫೇಜ್ ಎನ್ನುತ್ತಾರೆ. ಫೇಜ್ ತನಗೆ ತಕ್ಕ ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು, ತನ್ನ ವಂಶವಸ್ತುವನ್ನು ಅದರೊಳಗೆ ಸೇರಿಸಿ, ಅಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಪ್ರತಿಗಳಾಗಿ ಬೆಳೆದು, ಅದನ್ನು ಒಡೆದು ಹೊರಬರುತ್ತದೆ. ಮನುಷ್ಯನ ಅಥವಾ ಕೋಳಿಯ ಜೀವಕೋಶಕ್ಕೆ ಅದು ಸೋಂಕು ತಗುಲಿಸಲಾರದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯವಿದು.

ಇದೇನೂ ಹೊಸದಲ್ಲ. 1896ರಲ್ಲಿ ಆಗ್ರಾದಲ್ಲಿ ಸರ್ಕಾರಿ ರಾಸಾಯನಿಕ ಪರೀಕ್ಷಕರಾಗಿದ್ದ ಅರ್ನೆಸ್ಟ್ ಹ್ಯಾಂಕಿನ್, ಗಂಗೆ ಮತ್ತು ಯಮುನೆಯ ನೀರಿನಲ್ಲಿ ಕಾಲರಾ ರೋಗಾಣು ಬೇಗನೆ ನಾಶವಾಗುತ್ತದೆಂದು ವರದಿ ಮಾಡಿದರು. ಕಾರಣ ಅವರಿಗೆ ತಿಳಿಯಲಿಲ್ಲ. ಅದು ಫೇಜ್‌ಗಳ ಕೆಲಸವಿರಬೇಕೆಂದು ಅನಂತರದವರು ಊಹಿಸಿದರು. 1917ರಲ್ಲಿ ಫೆಲಿಕ್ಸ್ ಡೆರೆಲ್ ಇವುಗಳಿಗೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರಿಟ್ಟರು. ಮನುಷ್ಯರಿಗೆ ಕೊಡುವ ಮೊದಲು 1919ರಲ್ಲಿ ಅವರು ಇದನ್ನು ಪ್ರಯೋಗಿಸಿದ್ದು ಫ್ರಾನ್ಸಿನ ಹಳ್ಳಿಗಾಡಿನಲ್ಲಿ, ಸಾಲ್ಮೊನೆಲ್ಲಾದ ಒಂದು ಬಗೆಯಿಂದ ಬರುವ ಟೈಫಾಯ್ಡ್‌ನಿಂದ ಸಾಯುತ್ತಿದ್ದ ಕೋಳಿಗಳ ಮೇಲೆ. ಪೆನಿಸಿಲಿನ್ ಬಂದ ಮೇಲೆ ಪಶ್ಚಿಮದ ದೇಶಗಳು ಫೇಜ್ ಚಿಕಿತ್ಸೆಯನ್ನು ಬಹುಮಟ್ಟಿಗೆ ಮರೆತವು. ಜಾರ್ಜಿಯಾದ ಟಿಬಿಲಿಸಿಯಲ್ಲಿ 1923ರಲ್ಲಿ ಸ್ಥಾಪನೆಯಾದ ಎಲಿಯಾವಾ ಸಂಸ್ಥೆ ಆ ವಿದ್ಯೆಯನ್ನು ಉಳಿಸಿಕೊಂಡಿತು.

ಈಗ ಲಭ್ಯವಿರುವ ಪುರಾವೆ ಉತ್ಸಾಹವನ್ನೂ ಎಚ್ಚರವನ್ನೂ ಒಟ್ಟಿಗೇ ಕಲಿಸುತ್ತದೆ. 2005ರಲ್ಲಿ ಪ್ರಕಟವಾದ ಬ್ರಿಟಿಷ್ ಪ್ರಯೋಗವೊಂದರಲ್ಲಿ ಬ್ರಾಯ್ಲರ್ ಕೋಳಿಗಳಿಗೆ ಫೇಜ್ ಕೊಟ್ಟಾಗ ಐದು ದಿನಗಳ ಅವಧಿಯಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಕೆಲವೆಡೆ ಮೂರರಲ್ಲೊಂದು ಪಾಲಿಗೆ, ಕೆಲವೆಡೆ ಲಕ್ಷದಲ್ಲೊಂದು ಪಾಲಿಗೆ ಇಳಿಯಿತು. ಯಾವ ಫೇಜ್, ಎಷ್ಟು ಪ್ರಮಾಣ ಎಂಬುದರ ಮೇಲೆ ಫಲಿತಾಂಶ ಅಷ್ಟೊಂದು ಬದಲಾಗುತ್ತದೆ. 2007ರ ಇನ್ನೊಂದು ಪ್ರಯೋಗದಲ್ಲಿ 36 ದಿನಗಳ ಕೋಳಿಗಳಲ್ಲಿ ಸಾಲ್ಮೊನೆಲ್ಲಾದ ಎಂಟರಿಟಿಡಿಸ್ ಬಗೆ 24 ಗಂಟೆಗಳಲ್ಲಿ ಹತ್ತು ಸಾವಿರದಲ್ಲೊಂದು ಪಾಲಿಗಿಂತ ಕೆಳಗಿಳಿಯಿತು. ಆದರೆ ಹಡಾರ್ ಎಂಬ ಬಗೆ ಕಡಿಮೆಯಾಗಲೇ ಇಲ್ಲ. ಜೊತೆಗೆ ಫೇಜ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳೂ ಹುಟ್ಟಿಕೊಳ್ಳುತ್ತವೆ. ಆದ್ದರಿಂದಲೇ ಹಲವು ಫೇಜ್‌ಗಳ ಮಿಶ್ರಣವನ್ನು, ಅದೂ ಕೊಯ್ಲಿಗೆ ಒಂದೆರಡು ದಿನ ಮೊದಲು ಕೊಡಬೇಕೆಂಬುದು ತಜ್ಞರ ಸಲಹೆ. ಬಗ್ಗದ ತಳಿ ಶೆಡ್‌ನಲ್ಲಿ ಬೇರೂರಲು ಆಗ ಸಮಯ ಸಿಗುವುದಿಲ್ಲ. ಸಂಸ್ಕರಿಸಿದ ಮಾಂಸದ ಮೇಲೆ ನೇರವಾಗಿ ಸಿಂಪಡಿಸುವುದು ಇನ್ನೊಂದು ದಾರಿ. ನೇರವಾಗಿ ತಿನ್ನಬಹುದಾದ ಮಾಂಸ ಮತ್ತು ಕೋಳಿ ಪದಾರ್ಥಗಳ ಮೇಲೆ ಲಿಸ್ಟೀರಿಯಾ ತಡೆಗೆ ಆರು ಫೇಜ್‌ಗಳ ಮಿಶ್ರಣವೊಂದನ್ನು ಸಿಂಪಡಿಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2006ರಲ್ಲೇ ಅನುಮತಿ ಕೊಟ್ಟಿದೆ.

ವಿಜ್ಞಾನ ಇಷ್ಟು ಮುಂದೆ ಬಂದಿದ್ದರೂ ಬಳಕೆ ಏಕೆ ಹಿಂದುಳಿದಿದೆ? ಉತ್ತರ ಪ್ರಯೋಗಾಲಯದಲ್ಲಿಲ್ಲ, ಅರ್ಥಶಾಸ್ತ್ರದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ರಾಣಿಖೇತ್ ರೋಗಕ್ಕೆ, ಅಂದರೆ ಕೊಕ್ಕರೆ ರೋಗಕ್ಕೆ, ಲಸಿಕೆ ಹಾಕಿಸಿ ಎಂದು ರೈತನಿಗೆ ಯಾರೂ ಒತ್ತಾಯಿಸಬೇಕಿಲ್ಲ. ಹಾಕಿಸದಿದ್ದರೆ ಕೋಳಿ ಸಾಯುತ್ತದೆ, ನಷ್ಟ ಅವನದೇ. ಸಾಲ್ಮೊನೆಲ್ಲಾ ಹಾಗಲ್ಲ. ಕೋಳಿ ಗಟ್ಟಿಮುಟ್ಟಾಗಿಯೇ ಇರುತ್ತದೆ, ತೂಕವೂ ಬರುತ್ತದೆ. ನರಳುವುದು ಎಲ್ಲೋ ದೂರದಲ್ಲಿ ಅದನ್ನು ತಿಂದವರು. ಒಬ್ಬನ ವ್ಯವಹಾರದ ಕೆಡುಕನ್ನು ಸಂಬಂಧವಿಲ್ಲದ ಇನ್ನೊಬ್ಬ ಅನುಭವಿಸುವುದಕ್ಕೆ ಅರ್ಥಶಾಸ್ತ್ರದಲ್ಲಿ ಬಾಹ್ಯ ಪರಿಣಾಮವೆಂದು ಹೆಸರು. ಅಲ್ಲಿ ಮಾರುಕಟ್ಟೆ ತಾನಾಗಿಯೇ ದಾರಿಗೆ ಬರುವುದಿಲ್ಲ. ಉತ್ಪಾದಕರಿಗೂ ಇದೇ ತೊಡಕು. ಚರಂಡಿ ನೀರಿನಲ್ಲೂ ಕೋಳಿ ಹಿಕ್ಕೆಯಲ್ಲೂ ಸಿಗುವ ಫೇಜ್‌ನ ಮೇಲೆ ಏಕಸ್ವಾಮ್ಯ ಸಾಧಿಸುವುದು ಕಷ್ಟ. ಒಂದು ಊರಿನ ತಳಿಗೆ ತಕ್ಕ ಮಿಶ್ರಣ ಇನ್ನೊಂದು ಊರಿನಲ್ಲಿ ನಡೆಯದಿರಬಹುದು. ಅದನ್ನು ಆಗಾಗ ಬದಲಿಸುತ್ತಲೂ ಇರಬೇಕು. ಇಂತಹ ಸರಕಿಗೆ ಖಾಸಗಿ ಬಂಡವಾಳ ಹಿಂಜರಿದರೆ ಆಶ್ಚರ್ಯವಿಲ್ಲ.

ಹಾಗಾದರೆ ವೆಚ್ಚವನ್ನು ರೈತನ ತಲೆಗೆ ಕಟ್ಟಬೇಕೇ? ಖಂಡಿತ ಕೂಡದು. ನಮ್ಮಲ್ಲಿ ಬ್ರಾಯ್ಲರ್ ಸಾಕಣೆ ಬಹುಪಾಲು ಒಪ್ಪಂದದ ಮೇಲೆ ನಡೆಯುತ್ತದೆ. ಮರಿ, ಮೇವು, ಔಷಧ ಕಂಪನಿಯದು; ಶೆಡ್ಡು, ದುಡಿಮೆ ರೈತನದು. ಅವನಿಗೆ ಸಿಗುವುದು ಕಿಲೋ ಲೆಕ್ಕದ ಸಾಕಣೆ ಕೂಲಿ. ಜಿಲ್ಲೆಯಲ್ಲಿ ಸೇವೆಯಲ್ಲಿದ್ದಾಗ ಅಂತಹ ರೈತರೊಬ್ಬರನ್ನು ನೀರಿಗೆ ಯಾವ ಔಷಧ ಬೆರೆಸುತ್ತೀರಿ ಎಂದು ಕೇಳಿದ್ದೆ. ‘ಸೂಪರ್‌ವೈಸರ್ ಕೊಟ್ಟದ್ದು ಹಾಕ್ತೀವಿ ಸಾರ್, ಹೆಸರೆಲ್ಲ ನಮಗೆ ಗೊತ್ತಾಗಲ್ಲ’ ಎಂದಿದ್ದರು. ಔಷಧದ ಹೆಸರೇ ತಿಳಿಯದವರ ಮೇಲೆ ಅದರ ಹೊಣೆ ಹೊರಿಸುವುದು ನ್ಯಾಯವಲ್ಲ. ನಿರ್ಧಾರ ಯಾರದೋ ಹೊಣೆಯೂ ಅವರದೇ ಆಗಬೇಕು.

ಇನ್ನೊಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ನಮ್ಮ ಬೀದಿಬದಿಯ ಅಂಗಡಿಯಲ್ಲಿ ಎಲ್ಲ ಕೋಳಿಗಳ ಪುಕ್ಕ ತೆಗೆಯುವುದು ಒಂದೇ ಡ್ರಮ್ಮಿನಲ್ಲಿ, ತೊಳೆಯುವುದು ಒಂದೇ ಬಕೆಟ್ ನೀರಿನಲ್ಲಿ. ಶೆಡ್‌ನಲ್ಲಿ ಇಳಿಸಿದ ಬ್ಯಾಕ್ಟೀರಿಯಾ ಅಂಗಡಿಯಲ್ಲಿ ಮರಳಿ ಅಂಟಿಕೊಂಡರೆ ಫೇಜ್‌ನಿಂದ ಫಲವೇನು? ಶುಚಿತ್ವಕ್ಕೆ ಫೇಜ್ ಬದಲಿಯಲ್ಲ. ಸುರಕ್ಷಿತ ಮಾಂಸ ಪ್ಯಾಕೆಟ್ ಕೊಳ್ಳುವ ಶಕ್ತಿಯಿರುವ ನಮ್ಮಂಥವರಿಗೆ ಮಾತ್ರ ಎಂದಾಗುವುದೂ ಒಪ್ಪತಕ್ಕದ್ದಲ್ಲ. ಅಂಗಡಿಗಳಿಗೆ ಹರಿಯುವ ನೀರು, ತ್ಯಾಜ್ಯ ವಿಲೇವಾರಿ, ತಂಪು ಪೆಟ್ಟಿಗೆ ಒದಗಿಸುವುದು ನಗರಾಡಳಿತದ ಕರ್ತವ್ಯ. ಪರವಾನಗಿ ಶುಲ್ಕ ವಸೂಲಿಯೊಂದಿಗೆ ಅದು ಮುಗಿಯುವುದಿಲ್ಲ.

ಈ ಹಿನ್ನೆಲೆಯಲ್ಲಿ ಮೂರು ಕ್ರಮಗಳನ್ನು ಸೂಚಿಸಬಯಸುತ್ತೇನೆ. ಮೊದಲನೆಯದು, ಶೆಡ್‌ಗಳಿಂದಲೂ ಕೊಯ್ಲು ಘಟಕಗಳಿಂದಲೂ ನಿಯಮಿತವಾಗಿ ಮಾದರಿ ಸಂಗ್ರಹಿಸಿ, ನಮ್ಮಲ್ಲಿ ಯಾವ ಬಗೆಯ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಇವೆಯೆಂದು ಪತ್ತೆ ಹಚ್ಚಿ ಪ್ರಕಟಿಸುವುದು. ಶತ್ರುವಿನ ಗುರುತು ಸಿಗದೆ ಫೇಜ್ ಆಯ್ದುಕೊಳ್ಳಲಾಗದು. ಎರಡನೆಯದು, ರಾಣಿಖೇತ್ ಲಸಿಕೆ ತಯಾರಿಸುವ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂತಹ ಸಾರ್ವಜನಿಕ ಸಂಸ್ಥೆಗೆ ಫೇಜ್ ಸಂಗ್ರಹ ಹಾಗೂ ಪ್ರಾಯೋಗಿಕ ತಯಾರಿಕೆಯ ಹೊಣೆ ವಹಿಸುವುದು. ಕೆಲವು ಫೇಜ್‌ಗಳು ವಿಷದ ವಂಶವಾಹಿಗಳನ್ನು ಬ್ಯಾಕ್ಟೀರಿಯಾಕ್ಕೆ ಸಾಗಿಸುತ್ತವೆ. ಕಾಲರಾ ವಿಷದ ವಂಶವಾಹಿ ಇರುವುದೇ ಒಂದು ಫೇಜ್‌ನಲ್ಲಿ. ಆದ್ದರಿಂದ ವಂಶವಾಹಿ ಪರೀಕ್ಷೆಯಲ್ಲಿ ತೇರ್ಗಡೆಯಾದವನ್ನೇ ಬಳಸಬೇಕು. ಈ ಜಾಗ್ರತೆಗೂ ಸಾರ್ವಜನಿಕ ಉಸ್ತುವಾರಿ ಬೇಕು. ಮೂರನೆಯದು, ಕೊಯ್ಲು ಘಟಕದಿಂದ ಹೊರಬರುವ ಮಾಂಸದಲ್ಲಿ ಬ್ಯಾಕ್ಟೀರಿಯಾ ಮಿತಿಯನ್ನು ಹಂತಹಂತವಾಗಿ ಬಿಗಿಗೊಳಿಸಿ, ಆ ಮಿತಿಗೆ ಕಂಪನಿಯನ್ನೇ ಉತ್ತರದಾಯಿಯಾಗಿಸುವುದು. ಫೇಜ್, ಲಸಿಕೆ, ಶುಚಿತ್ವ ಇವುಗಳಲ್ಲಿ ಯಾವುದು ಅಗ್ಗವೋ ಅದನ್ನು ಅವರು ಆರಿಸಿಕೊಳ್ಳಲಿ. ಸರ್ಕಾರ ಗುರಿಯನ್ನು ನಿಗದಿಪಡಿಸಬೇಕೇ ಹೊರತು ದಾರಿಯನ್ನಲ್ಲ.

ಇದರಿಂದ ಕೋಳಿಯ ಬೆಲೆ ಸ್ವಲ್ಪ ಏರಬಹುದು. ಅದನ್ನು ಮುಚ್ಚಿಡುವುದು ತರವಲ್ಲ. ಕೋವಿಡ್ ಕಂಡ ಜನರಿಗೆ ವೈರಸ್ ಎಂಬ ಪದವೇ ಭಯ ಹುಟ್ಟಿಸುತ್ತದೆ ಎಂಬುದನ್ನೂ ಮರೆಯಬಾರದು. 2006ರಲ್ಲಿ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ದೇಶದುದ್ದಕ್ಕೂ ಕೋಳಿ ಬೆಲೆ ಕುಸಿದು ಎಷ್ಟೋ ಸಾಕಣೆದಾರರು ನಷ್ಟಕ್ಕೊಳಗಾದರು. ಮಾಹಿತಿಯನ್ನು ಮೊದಲೇ, ಸರಳವಾಗಿ, ಪೂರ್ತಿಯಾಗಿ ಜನರ ಮುಂದಿಟ್ಟರೆ ವದಂತಿಗೆ ಎಡೆ ಕಡಿಮೆ.

ಅಗ್ಗದ ಕೋಳಿಯ ನಿಜವಾದ ಬೆಲೆಯನ್ನು ನಾವು ಈಗಲೂ ತೆರುತ್ತಲೇ ಇದ್ದೇವೆ. ಅಂಗಡಿಯಲ್ಲಿ ಉಳಿಸಿದ ನಾಲ್ಕು ಕಾಸು ವೈದ್ಯರ ಶುಲ್ಕವಾಗಿ, ಕಳೆದುಹೋದ ದಿನಗೂಲಿಯಾಗಿ, ನಾಟದ ಔಷಧವಾಗಿ ನಮ್ಮ ಲೆಕ್ಕಕ್ಕೇ ಬರುತ್ತದೆ. ಆ ಬಾಕಿಯನ್ನು ಉದ್ಯಮ, ಸರ್ಕಾರ, ಗ್ರಾಹಕರು ಈಗಲೇ ಹಂಚಿಕೊಳ್ಳುವುದು ಲೇಸು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.