ವಾಪಸ್ ಹೋದ ಅಂಗಿಯ ಲೆಕ್ಕ

ಹಬ್ಬದ ಮಾರಾಟ ಶುರುವಾಯಿತೆಂದರೆ ಮೊಬೈಲ್ ತುಂಬ ಒಂದೇ ಮಾತು: ತರಿಸಿ ನೋಡಿ, ಹಿಡಿಸದಿದ್ದರೆ ವಾಪಸ್ ಕಳಿಸಿ, ಒಂದು ಪೈಸೆಯೂ ಕೊಡಬೇಕಿಲ್ಲ. ಈ ವಾರ ಕಣ್ಣಿಗೆ ಬಿದ್ದ ಒಂದು ಜಾಹೀರಾತು ಅದಕ್ಕೂ ಮುಂದೆ ಹೋಗಿತ್ತು. ಅಳತೆ ಗೊತ್ತಿಲ್ಲವೇ, ಮೂರು ಸೈಜ್ ತರಿಸಿಕೊಳ್ಳಿ, ಒಂದನ್ನು ಇಟ್ಟುಕೊಂಡು ಎರಡನ್ನು ಮರಳಿಸಿ ಎಂದು ಗಿರಾಕಿಗೆ ಪಾಠ ಹೇಳುತ್ತಿತ್ತು. ಮರಳಿದ ಆ ಎರಡು ಅಂಗಿಗಳ ಗತಿಯೇನು? ಅದನ್ನು ಜಾಹೀರಾತು ಹೇಳಲಿಲ್ಲ. ಹೇಳಬೇಕಾದವರು ಯಾರೂ ಹೇಳುತ್ತಿಲ್ಲ.

ಕೊಳ್ಳುವವರ ಎಣಿಕೆ ಸರಳ. ಅಂಗಿ ಗೋದಾಮಿಗೆ ಹೋಗುತ್ತದೆ, ಮಡಚಿ ಮತ್ತೆ ಕಪಾಟಿಗೇರುತ್ತದೆ, ಇನ್ನೊಬ್ಬರ ಮನೆ ಸೇರುತ್ತದೆ. ಬಹಳಷ್ಟು ಹಾಗೆ ಸೇರುವುದೂ ನಿಜ. ಆದರೆ ಮರಳಿ ಬಂದ ಒಂದೊಂದು ಪೊಟ್ಟಣವನ್ನೂ ಯಾರಾದರೂ ಬಿಚ್ಚಬೇಕು. ಕಲೆ ಇದೆಯೇ, ಬೆವರಿನ ವಾಸನೆ ಇದೆಯೇ, ಗುಂಡಿ ಕಿತ್ತಿದೆಯೇ, ಟ್ಯಾಗ್ ಉಳಿದಿದೆಯೇ ನೋಡಬೇಕು. ಇಸ್ತ್ರಿ ಹಾಕಿ ಹೊಸ ಕವರಿಗೆ ತುಂಬಬೇಕು. ಅಗ್ಗದ ಟಿ-ಶರ್ಟ್ ಒಂದಕ್ಕೆ ಇಷ್ಟೆಲ್ಲ ಮಾಡಿಸುವ ಕೂಲಿ, ಹೋಗಿ ಬಂದ ಸಾಗಾಣಿಕೆ ಸೇರಿದರೆ ಲಾಭ ಅಲ್ಲಿಗೇ ಮುಗಿಯಿತು. ಅಷ್ಟರಲ್ಲಿ ಸೀಸನ್ ದಾಟಿರುತ್ತದೆ. ಒಳ ಉಡುಪು, ಸೌಂದರ್ಯವರ್ಧಕಗಳ ಸೀಲ್ ಒಡೆದರಂತೂ ಮತ್ತೆ ಮಾರುವ ಮಾತೇ ಇಲ್ಲ. ಹೀಗೆ ಉಳಿದದ್ದು ಸಗಟು ಲಾಟಿನಲ್ಲಿ ಸಿಕ್ಕ ಬೆಲೆಗೆ ಹೋಗುತ್ತದೆ. ಅದಕ್ಕೂ ಗಿರಾಕಿ ಸಿಗದಿದ್ದರೆ ಚೂರು ಮಾಡುವ ಯಂತ್ರಕ್ಕೆ, ಇಲ್ಲವೇ ಬೆಂಕಿಗೆ.

ಸ್ಕಾಟ್‌ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಅಮೆಜಾನ್ ಕಂಪನಿಯ ದೊಡ್ಡ ಗೋದಾಮಿದೆ. 2021ರ ಜೂನ್‌ನಲ್ಲಿ ಬ್ರಿಟನ್ನಿನ ಐಟಿವಿ ನ್ಯೂಸ್ ಅದರೊಳಗೆ ಗುಟ್ಟಾಗಿ ತೆಗೆದ ದೃಶ್ಯಗಳನ್ನು ಪ್ರಸಾರ ಮಾಡಿತು. ಸ್ಮಾರ್ಟ್ ಟಿವಿ, ಲ್ಯಾಪ್‌ಟಾಪ್, ಡ್ರೋನ್, ಹೆಡ್‌ಫೋನ್, ರಾಶಿ ಪುಸ್ತಕ, ಸೀಲ್ ಒಡೆಯದ ಮಾಸ್ಕ್ ಎಲ್ಲವೂ ‘ನಾಶ’ ಎಂದು ಬರೆದ ಪೆಟ್ಟಿಗೆಗಳಲ್ಲಿ ಬಿದ್ದಿದ್ದವು. ವಾಹಿನಿಗೆ ಸಿಕ್ಕ ಕಾಗದದ ಪ್ರಕಾರ ಏಪ್ರಿಲ್‌ನ ಒಂದು ವಾರದಲ್ಲಿ ನಾಶಕ್ಕೆಂದು ಗುರುತು ಮಾಡಿದ್ದು ಸುಮಾರು 1,24,000 ವಸ್ತು, ದಾನಕ್ಕೆಂದು 28,000. ನಾಶಕ್ಕೆ ಹೋದದ್ದರಲ್ಲಿ ಅರ್ಧ ಪೊಟ್ಟಣವನ್ನೇ ಒಡೆಯದ್ದು, ಇನ್ನರ್ಧ ಗಿರಾಕಿಗಳು ಮರಳಿಸಿದ ಒಳ್ಳೆಯ ಮಾಲು ಎಂದು ಅಲ್ಲಿ ಕೆಲಸ ಮಾಡಿ ಬಿಟ್ಟವರೊಬ್ಬರು ಹೇಳಿದರು. ಯಾವುದೂ ಕಸದ ಗುಂಡಿಗೆ ಹೋಗುವುದಿಲ್ಲ, ನಾಶವನ್ನು ಸೊನ್ನೆಗಿಳಿಸುವುದೇ ಗುರಿ ಎಂದು ಕಂಪನಿ ಉತ್ತರಿಸಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಮರಳಿ ಬಂದ ಸರಕಿಗೆ ದರ್ಜೆ ಹಾಕಿ ಮತ್ತೆ ಮಾರುವ, ಉಳಿದದ್ದನ್ನು ಸಗಟಾಗಿ ವಿಲೇವಾರಿ ಮಾಡುವ ಯೋಜನೆಗಳನ್ನು ತನ್ನಲ್ಲಿ ಮಾರುವವರಿಗಾಗಿ ಪ್ರಕಟಿಸಿತು. ದಾರಿ ಇತ್ತು ಎಂದಾಯಿತು. ಅದನ್ನು ಹಿಡಿಯುವ ಅವಸರ ಕಂಡದ್ದು ಕ್ಯಾಮೆರಾ ಒಳಗೆ ಹೋದ ಮೇಲೆ.

ಅದೇ ವರ್ಷದ ಕೊನೆಗೆ ಜರ್ಮನಿಯ ಡೀ ಝೈಟ್ ಪತ್ರಿಕೆ, ಎನ್‌ಡಿಆರ್ ವಾಹಿನಿ ಮತ್ತು ಫ್ಲಿಪ್ ಎಂಬ ಸುದ್ದಿತಂಡ ಒಟ್ಟಾಗಿ ಶೂಗಳೊಳಗೆ ಜಿಪಿಎಸ್ ಹುದುಗಿಸಿಟ್ಟು ಅವು ಹೋದಲ್ಲೆಲ್ಲ ಬೆನ್ನುಹತ್ತಿದವು. ಹಳೆಯ ಶೂಗಳಿಗೆ ಏನಾಗುತ್ತದೆ ನೋಡೋಣ ಎಂದು ಹೊರಟವರು, ಹೊಸದಾಗಿ ಕೊಂಡು ಹಾಗೆಯೇ ಮರಳಿಸಿದ ನೈಕಿ ಶೂಗಳ ಜಾಡನ್ನೂ ಹಿಡಿದರು. ಜಾಡು ಬೆಲ್ಜಿಯಮ್ಮಿನ ಹೆರೆಂಟ್‌ಹೌಟ್‌ಗೆ ಹೋಯಿತು. ಅಲ್ಲಿ ಶೂಗಳನ್ನು ಅರೆದು ಪುಡಿ ಮಾಡುತ್ತಾರೆ. ಬಳಸಿದ ಅಥವಾ ಹಾಳಾದ ಶಂಕೆ ಇರುವುದನ್ನು ಮಾತ್ರ ಹಾಗೆ ಮಾಡುತ್ತೇವೆ ಎಂಬುದು ಕಂಪನಿಯ ಸಮಜಾಯಿಷಿ. ತಾವು ಮರಳಿಸಿದ ಶೂ ಎಲ್ಲಿದೆ ಎಂದು ತಿಳಿಯಲು ಪತ್ರಕರ್ತರು ಕಳ್ಳಯಂತ್ರ ಇಡಬೇಕಾಯಿತು ಎಂಬುದೇ ಈ ವ್ಯಾಪಾರದ ಮೇಲೆ ದೊಡ್ಡ ದೂರು. ಪ್ರತಿ ಪೆಟ್ಟಿಗೆಗೂ ಬಾರ್‌ಕೋಡ್ ಇದೆ. ಕಂಪನಿಗೆ ಗೊತ್ತಿಲ್ಲದ್ದು ಏನೂ ಇಲ್ಲ.

ಬಿಡಿ ಪ್ರಕರಣ ಎಂದು ತಳ್ಳಿಹಾಕುವಂತಿಲ್ಲ. ಯುರೋಪಿಯನ್ ಪರಿಸರ ಸಂಸ್ಥೆ 2024ರಲ್ಲಿ ಕೊಟ್ಟ ಅಂದಾಜು ನೋಡಿ. ಯುರೋಪಿನಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆಯಲ್ಲಿ ಐದಕ್ಕೆ ಒಂದು ವಾಪಸ್ ಬರುತ್ತದೆ. ಹಾಗೆ ಬಂದದ್ದರಲ್ಲಿ ಶೇ 22ರಿಂದ 43ರಷ್ಟು ನಾಶವಾಗುತ್ತದೆ. ಮಾರಾಟವಾಗದೇ ಉಳಿದದ್ದನ್ನೂ ಸೇರಿಸಿದರೆ, ಯಾರೂ ಬಳಸುವ ಮುಂಚೆಯೇ ಹಾಳುಗೆಡಹುವ ಜವಳಿ ವರ್ಷಕ್ಕೆ 2.64 ಲಕ್ಷದಿಂದ 5.94 ಲಕ್ಷ ಟನ್.

ಈ ಟನ್ನುಗಳಲ್ಲಿ ಬೆಂಗಳೂರಿನ ಪಾಲೂ ಇದೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಆಚೆಗೆ ರಾಮನಗರ, ಮದ್ದೂರಿನವರೆಗೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಹೊಲಿದದ್ದು ಹಡಗು ಹತ್ತುವುದು ಯುರೋಪ್, ಅಮೆರಿಕದ ಅಂಗಡಿಗಳಿಗೆ. ಕಾಲರ್ ಕೂರಿಸುವವರು ಒಬ್ಬರು, ತೋಳು ಜೋಡಿಸುವವರು ಇನ್ನೊಬ್ಬರು, ಕಾಜ ಮಾಡುವವರು ಮತ್ತೊಬ್ಬರು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್. ತಪ್ಪಿದರೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಾನೆ. ಶೌಚಕ್ಕೆ ಏಳಬೇಕಾದೀತು ಎಂದು ನೀರು ಕುಡಿಯುವುದನ್ನೇ ಬಿಟ್ಟ ಕಥೆಯನ್ನು ಆ ಲೈನುಗಳಲ್ಲಿ ಕೂತವರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಒಂದು ಹತ್ತಿ ಟಿ-ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜಿದೆ. ಬಹುಪಾಲು ಹತ್ತಿ ಗಿಡ ಕುಡಿದ ನೀರು. ಇಷ್ಟು ನೀರು, ಇಷ್ಟು ಬೈಗುಳ ಉಂಡು ತಯಾರಾದ ಅಂಗಿ ಯಾರ ಮೈಯನ್ನೂ ಮುಟ್ಟದೆ ಬೂದಿಯಾಗುತ್ತದೆ ಎಂದರೆ ಹೊಟ್ಟೆ ಉರಿಯುತ್ತದೆ. ಉರಿಯಬೇಕು.

ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಶ್ ಆನ್ ಡೆಲಿವರಿ ತಂದಮೇಲೆ ಕೈಗೆ ಬಂದ ಮೇಲೆ ದುಡ್ಡು ಎಂಬುದು ದೇಶಕ್ಕೇ ಒಗ್ಗಿಹೋಯಿತು. ಬಾಗಿಲಲ್ಲಿ ಬೇಡವೆಂದರೆ ಪಾರ್ಸೆಲ್ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅಂಥದ್ದನ್ನು ಮಾರಾಟಗಾರರು ಆರ್‌ಟಿಒ (ರಿಟರ್ನ್ ಟು ಒರಿಜಿನ್) ಎನ್ನುತ್ತಾರೆ. ಅದರ ನಷ್ಟ ಹೆಚ್ಚಾಗಿ ಬೀಳುವುದು ದೊಡ್ಡ ವೇದಿಕೆಯ ಮೇಲಲ್ಲ, ಅದರಲ್ಲಿ ಅಂಗಡಿ ಇಟ್ಟ ಸಣ್ಣವರ ಮೇಲೆ. ಇಳಕಲ್, ದೊಡ್ಡಬಳ್ಳಾಪುರದ ಸೀರೆಗಳನ್ನು ಮನೆಯಿಂದಲೇ ಮಾರುವವರನ್ನು ಮಾತಾಡಿಸಿದರೆ ಸಾಕು. ಅರಿಶಿನದ ಕಲೆ, ಫಾಲ್ಸ್ ಹೊಲಿದು ಬಿಚ್ಚಿದ ಸೂಜಿಯ ಗುರುತು, ಮದುವೆ ಮನೆಯ ಸೆಂಟಿನ ವಾಸನೆ ಹೊತ್ತು ‘ಬಳಸಿಲ್ಲ’ ಎಂಬ ಮಾತಿನೊಂದಿಗೆ ಸೀರೆ ವಾಪಸಾಗುತ್ತದೆ. ಕೆಲವೊಮ್ಮೆ ಬರುವುದು ಬೇರೆಯೇ ಹಳೆ ಸೀರೆ. ಅದಕ್ಕೇ ಈಗ ಪ್ಯಾಕ್ ಮಾಡುವಾಗ ಒಂದು ವಿಡಿಯೊ, ಮರಳಿ ಬಂದದ್ದನ್ನು ಬಿಚ್ಚುವಾಗ ಇನ್ನೊಂದು ವಿಡಿಯೊ. ನೇಕಾರರ ಮಗ್ಗದಿಂದ ಬಂದ ಸೀರೆಗೆ ಸಾಕ್ಷಿ ಹುಡುಕುವ ಕೆಲಸ. ಒಂದು ದಿನ ಉಟ್ಟು ಮರಳಿಸುವವರನ್ನು ಜಾಣರೆಂದು ಮನೆಗಳಲ್ಲಿ ಹೊಗಳುವುದೂ ಇದೆ. ಅದು ಜಾಣತನವಲ್ಲ, ಕಳ್ಳತನ.

ಆದರೂ ಬಹುತೇಕ ಬಟ್ಟೆ ವಾಪಸಾಗುವುದು ಕಪಟದಿಂದಲ್ಲ, ಅಳತೆ ಕೂಡದೆ. ಹಿಂದೆ ಪೇಟೆ ಬೀದಿಯ ಟೈಲರ್ ಬಳಿ ಉದ್ದನೆಯ ಒಂದು ಪುಸ್ತಕ ಇರುತ್ತಿತ್ತು. ಹೆಸರು, ಎದೆ, ಸೊಂಟ, ಭುಜ, ತೋಳು, ಪಕ್ಕದಲ್ಲಿ ಪಿನ್ ಚುಚ್ಚಿದ ಬಟ್ಟೆಯ ತುಂಡು. ದಸರೆಗೆ ಕೊಡುತ್ತೇನೆಂದ ಅಂಗಿ ದೀಪಾವಳಿಗೆ ಸಿಗುತ್ತಿತ್ತು ನಿಜ. ಆದರೆ ಬಿಗಿಯಾದರೆ ಒಳಗೆ ಬಿಟ್ಟ ಹೆಚ್ಚುವರಿ ಬಟ್ಟೆ ಬಿಚ್ಚುತ್ತಿದ್ದ, ಸಡಿಲವಾದರೆ ಹಿಡಿದು ಕೊಡುತ್ತಿದ್ದ. ಬೆಳೆಯುವ ಮಗುವಿನ ಲಂಗಕ್ಕೆ ಟಕ್ಸ್ ಹಾಕಿ ಮೂರು ವರ್ಷ ಓಡಿಸುತ್ತಿದ್ದರು. ಕೂಡದ ಬಟ್ಟೆಗೆ ಆಗ ಉತ್ತರ ಆಲ್ಟರೇಷನ್. ಈಗ ಉತ್ತರ ಇನ್ನೊಂದು ವ್ಯಾನು, ಇನ್ನೊಂದು ಪ್ಲಾಸ್ಟಿಕ್ ಚೀಲ.

ಒಂದು ಕಂಪನಿಯ ‘ಎಂ’ ಇನ್ನೊಂದರ ‘ಎಲ್’ ಆಗುವುದಕ್ಕೆ ಕಾರಣವಿದೆ. ಭಾರತದ ಸಿದ್ಧ ಉಡುಪುಗಳು ಇಷ್ಟು ದಿನ ಅಮೆರಿಕ, ಬ್ರಿಟನ್ನಿನ ಮೈಕಟ್ಟಿನ ಅಳತೆಗಳನ್ನೇ ತಿದ್ದಿತೀಡಿ ಬಳಸಿಕೊಂಡಿವೆ. ಇದನ್ನು ಸರಿಪಡಿಸಲೆಂದೇ ಜವಳಿ ಸಚಿವಾಲಯದ ನೆರವಿನಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ (ನಿಫ್ಟ್) ‘ಇಂಡಿಯಾಸೈಜ್’ ಸಮೀಕ್ಷೆ ಕೈಗೆತ್ತಿಕೊಂಡಿತು. ಬೆಂಗಳೂರು ಸೇರಿ ಆರು ನಗರ, 15ರಿಂದ 65 ವಯಸ್ಸಿನ 25,000 ಜನ, 3ಡಿ ಸ್ಕ್ಯಾನರ್‌ನಿಂದ ಅಳತೆ ಎಂಬುದು ಯೋಜನೆ. ಕೋಟಿಗಟ್ಟಲೆ ಅಂಗಿ ಮಾರುವ ಆ್ಯಪ್‌ಗಳು ಎಲ್ಲರಿಗಿಂತ ಮೊದಲು ಕೇಳಬೇಕಾದದ್ದು ಈ ಅಳತೆಪಟ್ಟಿಯನ್ನು. ಅವು ಕೇಳುತ್ತಿರುವುದು ಮೂರು ಸೈಜ್ ತರಿಸಿ ಎಂದು.

ಯುರೋಪ್ ಕಾಯ್ದೆಯ ದಾರಿ ಹಿಡಿದಿದೆ. ಮಾರಾಟವಾಗದ ಸರಕನ್ನು ನಾಶ ಮಾಡಬಾರದೆಂದು ಫ್ರಾನ್ಸ್ 2020ರಲ್ಲೇ ಕಾಯ್ದೆ ಮಾಡಿ 2022ರ ಜನವರಿಯಿಂದ ಜಾರಿಗೆ ತರತೊಡಗಿತು. ಯುರೋಪಿಯನ್ ಒಕ್ಕೂಟದ 2024ರ ಇಕೋಡಿಸೈನ್ ನಿಯಮದಂತೆ ದೊಡ್ಡ ಕಂಪನಿಗಳು ಮಾರಾಟವಾಗದ ಉಡುಪು, ಪಾದರಕ್ಷೆ ನಾಶ ಮಾಡುವುದಕ್ಕೆ 2026ರ ಜುಲೈ 19ರಿಂದ ನಿಷೇಧ. ಗಿರಾಕಿ ಹಿಂದಿರುಗಿಸಿದ್ದೂ ಮಾರಾಟವಾಗದ್ದರ ಲೆಕ್ಕಕ್ಕೇ ಸೇರುತ್ತದೆ. ಎಷ್ಟು ವಸ್ತು, ಎಷ್ಟು ತೂಕ, ಯಾವ ಕಾರಣಕ್ಕೆ ಎಸೆದಿರಿ ಎಂಬುದನ್ನು ಕಂಪನಿ ಜನರ ಮುಂದಿಡಬೇಕು. ವಿನಾಯಿತಿಗಳಿವೆ, ತೂತುಗಳೂ ಇದ್ದಾವು. ಆದರೂ ಉತ್ತರ ಕೊಡಬೇಕಾದವರು ಯಾರೆಂಬುದು ತೀರ್ಮಾನವಾಗಿದೆ.

ಭಾರತದಲ್ಲಿ 2020ರ ಇ-ಕಾಮರ್ಸ್ ನಿಯಮಗಳು ದೋಷವಿರುವ ಮಾಲನ್ನು ಮಾರಾಟಗಾರ ವಾಪಸ್ ತೆಗೆದುಕೊಳ್ಳಲೇಬೇಕು ಎನ್ನುತ್ತವೆ. ಒಳ್ಳೆಯದೇ. ವಾಪಸ್ ತೆಗೆದುಕೊಂಡು ಏನು ಮಾಡಿದೆ ಎಂದು ಅವು ಕೇಳುವುದಿಲ್ಲ. ಷೇರುಪೇಟೆಯ ಅಗ್ರ ಸಾವಿರ ಕಂಪನಿಗಳು ಸೆಬಿ ನಿಯಮದಂತೆ ಕೊಡುವ ಸುಸ್ಥಿರತೆಯ ವರದಿಯಲ್ಲಿ ಪ್ಲಾಸ್ಟಿಕ್ ತ್ಯಾಜ್ಯಕ್ಕೊಂದು ಸಾಲು, ಇ-ತ್ಯಾಜ್ಯಕ್ಕೊಂದು, ಬ್ಯಾಟರಿಗೊಂದು ಇದೆ. ತೊಡದೇ ಎಸೆದ ಬಟ್ಟೆಗೆ ಪ್ರತ್ಯೇಕ ಸಾಲಿಲ್ಲ. ಅದು ‘ಇತರೆ’ಯಲ್ಲಿ ಅಡಗಿ ಕೂರುತ್ತದೆ.

ಇನ್ನು ತೆರಿಗೆ. ಬಾಂಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರ ಲೆಕ್ಕದಲ್ಲಿ 2018ರಲ್ಲಿ ಜರ್ಮನಿಯಲ್ಲಿ ಮರಳಿ ಬಂದ ವಸ್ತು 48.7 ಕೋಟಿ, ಎಸೆದದ್ದು ಸುಮಾರು 2 ಕೋಟಿ. ದಾನ ಮಾಡಬಹುದಿತ್ತಲ್ಲ ಎಂದರೆ, ದಾನಕ್ಕೆ ವ್ಯಾಟ್ ಕಟ್ಟಬೇಕು, ಎಸೆದರೆ ಕಟ್ಟಬೇಕಿಲ್ಲ ಎಂಬುದು ಅಲ್ಲಿನ ವ್ಯಾಪಾರಿಗಳ ಹಳೆಯ ದೂರು. ನಮ್ಮ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಇದಕ್ಕಿಂತ ಬಹಳ ಮೇಲೇನಲ್ಲ. ಕಳೆದುಹೋದ, ಕದ್ದುಹೋದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಸರಕಿಗೆ ಇನ್‌ಪುಟ್ ತೆರಿಗೆಯ ಲಾಭ ಸಿಗದು. ಉಡುಗೊರೆಯಾಗಿ ಕೊಟ್ಟ ಸರಕನ್ನೂ ಅದೇ ಸಾಲಿನಲ್ಲಿ ಸೇರಿಸಿದ್ದಾರೆ. ಮರಳಿ ಬಂದ ನೂರು ಸ್ವೆಟರ್‌ಗಳನ್ನು ಸುಟ್ಟ ವ್ಯಾಪಾರಿಗೂ, ಕೊಡಗಿನ ಸರ್ಕಾರಿ ಹಾಸ್ಟೆಲ್ಲಿಗೆ ಕೊಟ್ಟ ವ್ಯಾಪಾರಿಗೂ ತೆರಿಗೆಯಲ್ಲಿ ಒಂದೇ ಶಿಕ್ಷೆ. ಕೊಟ್ಟವನಿಗೆ ಲಾರಿ ಬಾಡಿಗೆ ಬೇರೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ, ಉಪ್ಪು ಮಸಾಲೆಯ ಪಾಪ್‌ಕಾರ್ನ್ ಬಿಡಿಯಾಗಿದ್ದರೆ ಶೇ 5, ಪ್ಯಾಕೆಟ್ಟಿನಲ್ಲಿದ್ದರೆ 12, ಕ್ಯಾರಮೆಲ್ ಸವರಿದ್ದರೆ 18 ಎಂದು ಬಿಡಿಸಿ ಬಿಡಿಸಿ ವಿವರಣೆ ಕೊಟ್ಟಿತು. ಪಾಪ್‌ಕಾರ್ನಿನಲ್ಲಿ ಮೂರು ಬಗೆ ಕಂಡ ಮಂಡಳಿಗೆ, ಸ್ವೆಟರ್ ಸುಡುವುದಕ್ಕೂ ಕೊಡುವುದಕ್ಕೂ ನಡುವಿನ ಒಂದು ವ್ಯತ್ಯಾಸ ಕಾಣಲಿಲ್ಲ.